ತಕ್ಕಾಳಿ ಪಾತಿಯ ಪಂಡಿತ

ನನ್ನ ಗಂಡನ ಅಣ್ಣನನ್ನು ನಾಲ್ಕು ಜನರ ಮುಂದೆ ಭಾವನವರು ಎಂದೇ ಅನ್ನುತ್ತಿದ್ದೆ. ಆ ಬಹುವಚನ ಬರೀ ಬಾಯಿಯದು, ಮನಸ್ಸಿನದಲ್ಲ. ಈಗ ಬಾಯಿಗೂ ಆ ಕರ್ಮ ಬೇಡ. ಆತ ಎಂದೇ ಬರೆಯುತ್ತೇನೆ.

ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಎರಡು ಮಗ್ಗಗಳಿದ್ದವು. ಒಂದರಲ್ಲಿ ನನ್ನ ಗಂಡ ಬೆಳಗಿನಿಂದ ಕತ್ತಲಾಗುವವರೆಗೆ ರೇಷ್ಮೆ ಸೀರೆ ನೇಯುತ್ತಿದ್ದರು. ಇನ್ನೊಂದು ಆತನದು, ಅದರ ಮೇಲೆ ಆತನ ಕೋಟು ನೇತಾಡುತ್ತಿತ್ತು. ಆತ ಜಗಲಿಯಲ್ಲಿ ಕೂತು ಬೀದಿಗೆಲ್ಲ ಬುದ್ಧಿ ಹೇಳುತ್ತಿದ್ದ. ಮಳೆ ಏಕೆ ಬರಲಿಲ್ಲ, ಆಗ ನಮ್ಮನ್ನಾಳುತ್ತಿದ್ದ ಮದರಾಸು ಸರ್ಕಾರ ಎಲ್ಲಿ ಎಡವಿತು, ಬಾಣಂತಿ ಏನು ತಿನ್ನಬೇಕು, ಎಲ್ಲವೂ ಗೊತ್ತಿತ್ತು. ಕಡಿದ ನೂಲಿಗೆ ಗಂಟು ಹಾಕುವುದೊಂದು ಗೊತ್ತಿರಲಿಲ್ಲ.

ಅದು ಯುದ್ಧದ ಕಾಲ. ಹಿತ್ತಲಲ್ಲಿ ತರಕಾರಿ ಬೆಳೆಯಿರಿ ಎಂದು ಊರಲ್ಲಿ ತಮಟೆ ಹೊಡೆಸಿದ್ದರು. ಸಂತೆಯಿಂದ ತಂದ ಹಣ್ಣಿನ ಬೀಜ ಒಣಗಿಸಿಟ್ಟು ನಾನು ತಕ್ಕಾಳಿ ಪಾತಿ ಮಾಡಿದೆ. ಟೊಮ್ಯಾಟೊ ಎನ್ನುವ ಹೆಸರು ನಮ್ಮ ಬೀದಿಗೆ ಇನ್ನೂ ಬಂದಿರಲಿಲ್ಲ. ಪಕ್ಕದ ಬೀದಿಯಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ನೂಲು ಬಿಚ್ಚಿದ ಮೇಲೆ ಉಳಿದ ಸತ್ತ ಹುಳುಗಳನ್ನು ಚರಂಡಿಗೆ ಚೆಲ್ಲುತ್ತಿದ್ದರು. ಹನೂರಿನ ನನ್ನ ತವರಿನಲ್ಲಿ ಅಮ್ಮ ಅದನ್ನೇ ಗೊಬ್ಬರ ಮಾಡುತ್ತಿದ್ದಳು. ನಾನೂ ಮಂಕರಿಯಲ್ಲಿ ಹೊತ್ತು ತಂದು, ಸಗಣಿ, ಬೂದಿ, ತರಗೆಲೆಯೊಂದಿಗೆ ಪದರ ಪದರವಾಗಿ ಗುಂಡಿಗೆ ಹಾಕಿ ಮಣ್ಣು ಮುಚ್ಚುತ್ತಿದ್ದೆ. ಮೂರು ತಿಂಗಳಿಗೆ ತೆಗೆದರೆ ನಾತವಿಲ್ಲದ ಕಪ್ಪು ಹುಡಿ.

ಆತ ನನ್ನೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ. ಹೇಳುವುದನ್ನೆಲ್ಲ ನನ್ನ ಗಂಡನಿಗೆ ಹೇಳುತ್ತಿದ್ದ.

"ಲೇ, ನಿನ್ನೆಡ್ತಿ ಸತ್ತುಳ ಒತ್ಕ ಬತ್ತಾವ್ಳಲ್ಲಾ! ಶಿವಪೂಜೆ ಮಾಡೋ ಮನೆನಾ, ಸುಡುಗಾಡಾ ಇದು?"

ನನ್ನ ಗಂಡ ಮಗ್ಗದ ಗುಂಡಿಯಿಂದ ತಲೆ ಎತ್ತುತ್ತಿರಲಿಲ್ಲ. ಹಣ್ಣು ಕೆಂಪಾದಾಗ ಮೊದಲನೆಯದನ್ನು ಕಿತ್ತು ಉಪ್ಪು ಹಚ್ಚಿಕೊಂಡು ತಿಂದವನು ಆತನೇ. ಸತ್ತ ಹುಳು ಆಗ ಆತನ ಗಂಟಲಿಗೆ ಅಡ್ಡ ಬರಲಿಲ್ಲ.

ಬೇಸಿಗೆ ಏರುತ್ತಿದ್ದಂತೆ ಗಿಡಗಳ ಬುಡಕ್ಕೆ ಹಳೆಯ ರಾಗಿ ಹುಲ್ಲು, ಹಿಪ್ಪುನೇರಳೆಯ ಒಣಗಿದ ಎಲೆ ನಾಲ್ಕು ಬೆರಳು ದಪ್ಪ ಹೊದಿಸಿದೆ. ನಾಲ್ಕು ದಿನಕ್ಕೊಮ್ಮೆ ನೀರು ಹಾಕಿದರೆ ಸಾಕಾಗುತ್ತಿತ್ತು. ಅಷ್ಟರಲ್ಲಿ ಹಿತ್ತಲುಗಳನ್ನು ನೋಡಲು ಆಫೀಸರು ಬರುತ್ತಾರೆಂದು ಸುದ್ದಿ ಬಂತು. ಬರುವ ದಿನ ಬೆಳಿಗ್ಗೆ ನಾನು ಬಾವಿಯಿಂದ ಬರುವಷ್ಟರಲ್ಲಿ ಆತ ಕೂಲಿಯವನೊಬ್ಬನನ್ನು ಕರೆಸಿ ಆ ಹೊದಿಕೆಯನ್ನೆಲ್ಲ ಗುಡಿಸಿ ಬೇಲಿಯಾಚೆ ಹಾಕಿಸಿದ್ದ.

"ಅದು ಕಸ ಅಲ್ಲ ಕಣ್ರಿ, ಬುಡ ಒಣಗೋಯ್ತದೆ ಅನ್ನಿ ನಿಮ್ಮಣ್ಣನ್ಗೆ" ಎಂದೆ ಗಂಡನಿಗೆ.

"ದೊಡ್ಡೋರು ಬತ್ತಾವ್ರೆ, ಕಸ ತೋರ್ಸಕಾಯ್ತದಾ ಅನ್ಲಾ ಅವಳ್ಗೆ" ಎಂದ ಆತ.

ಆಫೀಸರು ಬಂದದ್ದು ನಡು ಮಧ್ಯಾಹ್ನ. ಅಷ್ಟರಲ್ಲಿ ಎಲೆಗಳು ಜೋತುಬಿದ್ದಿದ್ದವು. ಆತ ಕೋಟು ಹಾಕಿಕೊಂಡು ಮುಂದೆ ನಿಂತ. ಮಾತು ತಮಿಳಿನಲ್ಲಿ ನಡೆಯಿತು. ನಾನು ಹಿತ್ತಲ ಬಾಗಿಲ ಹಿಂದಿದ್ದೆ. ನನ್ನಮ್ಮ ತಮಿಳು ಕಡೆಯವಳು. ನನಗೆ ತಮಿಳು ಬರುತ್ತದೆಯೇ ಎಂದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಎಲ್ಲ ನಾನೇ ಮಾಡಿದ್ದು, ಗೊಬ್ಬರ ರೇಷ್ಮೆ ಹುಳುವಿನದು, ಮನೆಯ ಹೆಂಗಸರಿಗೆ ಇದೆಲ್ಲ ತಿಳಿಯುವುದಿಲ್ಲ ಎಂದ ಆತ. ಹುಳುವನ್ನು ಎಷ್ಟು ದಿನ ಕೊಳೆಸುತ್ತೀರಿ ಎಂದು ಆಫೀಸರು ಕೇಳಿದರು. ಕೊಳೆಸುವುದೇಕೆ, ಹಸಿಯಾಗಿಯೇ ಬುಡಕ್ಕೆ ಹಾಕಿದರೆ ಸತ್ವ ಜಾಸ್ತಿ ಎಂದ. ಆಫೀಸರು ಆತನ ಮುಖ ನೋಡಿದರು. ಆಮೇಲೆ ಒಂದು ಎಲೆ ಮುಟ್ಟಿ, ಈ ಬಿಸಿಲಿಗೆ ಬುಡಕ್ಕೆ ಹುಲ್ಲು ಹೊದಿಸಿದ್ದರೆ ಒಳ್ಳೆಯದಿತ್ತು ಎಂದರು. ನಾನೂ ಅದನ್ನೇ ಯೋಚಿಸುತ್ತಿದ್ದೆ ಎಂದ ಆತ!

ಸಂತೆಯ ತಮಿಳು ಗೊತ್ತಿದ್ದ ಬೀದಿಯವರು ಗೋಡೆಯಾಚೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಹೊರಗೆ ಬಂದು ತಿದ್ದಲಿಲ್ಲ. ಪರಗಂಡಸರ ಎದುರು ಬರಬಾರದೆಂಬ ಕಟ್ಟು ಇದ್ದದ್ದು ನಿಜ. ಆತ ತಾನೇ ಗುಂಡಿ ತೋಡಿಕೊಳ್ಳುವುದನ್ನು ನೋಡುವ ಸುಖವೂ ಅಷ್ಟೇ ನಿಜ.

ಮಳೆ ಬಿದ್ದ ಮೇಲೆ ಬೀದಿಯ ಮೂರು ಮನೆಯವರು ತಕ್ಕಾಳಿ ನೆಟ್ಟು, ನಮ್ಮ ಜಗಲಿಯ ಪಂಡಿತರ ಮಾತಿನಂತೆ ಹಸಿ ಹುಳು ಸುರಿದರು. ವಾರದಲ್ಲಿ ಸಸಿಗಳು ಸುಟ್ಟುಹೋದವು. ಉಳಿದದ್ದನ್ನು ನಾಯಿಗಳು ಕೆದರಿದವು. ಬೀದಿಯೆಲ್ಲ ಗಬ್ಬು ನಾತ. ಮೂವರು ಹೆಂಗಸರೂ ನಮ್ಮ ಜಗಲಿಗೆ ಬಂದು ಬೈಯತೊಡಗಿದರು.

ಆತ ಕೂತಲ್ಲಿಂದ ಏಳಲಿಲ್ಲ. "ನನ್ಗೇನ್ ಗೊತ್ತವ್ವಾ? ನನ್ ತಮ್ಮನೆಡ್ತಿ ಯೋಳ್ಕೊಟ್ಟಂಗೆ ನಾನ್ ಯೋಳ್ದಿ" ಎಂದ.

ಆಗ ನಾನು ಹೊರಗೆ ಬಂದೆ. ಆಫೀಸರಿಗೆ ಆತ ಹೇಳಿದ್ದನ್ನೆಲ್ಲ, ಅದೇ ತಮಿಳಿನಲ್ಲಿ, ಆತನದೇ ರಾಗದಲ್ಲಿ ಒಪ್ಪಿಸಿದೆ. ಮನೆಯ ಹೆಂಗಸರಿಗೆ ತಿಳಿಯುವುದಿಲ್ಲ ಎಂಬುದನ್ನು ಎರಡು ಸಲ ಹೇಳಿದೆ. ಒಳಗೆ ಮಗ್ಗದ ಸದ್ದು ನಿಂತಿತು. ನನ್ನ ಗಂಡ ಗಟ್ಟಿಯಾಗಿ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆತ ಕೋಟು ತೆಗೆದುಕೊಂಡು ಬೀದಿಗಿಳಿದು ಹೋದ.

ಬಂದವರಲ್ಲಿ ಹಿರಿಯಳೊಬ್ಬಳು ಮಾತ್ರ ನಗಲಿಲ್ಲ.

"ಎಲ್ಲಾ ಗೊತ್ತಿತ್ತಲ್ಲಮ್ಮೀ ನಿನ್ಗೆ. ಅವತ್ತೇ ಒಂದ್ ಮಾತು ಅಂದಿದ್ರೆ ನಮ್ ಗಿಡ ಉಳ್ಕತಿತ್ತು."

ನಾನು ಮಂಕರಿ ಎತ್ತಿಕೊಂಡು ಹಿತ್ತಲಿಗೆ ಹೋದೆ. ನನ್ನ ಗುಂಡಿಯ ಗೊಬ್ಬರ ತೆಗೆದು ಮೂರು ಮನೆಗೂ ಎರಡೆರಡು ಮಂಕರಿ ಹೊತ್ತೆ, ಸಸಿಯನ್ನೂ ಕೊಟ್ಟೆ, ಹುಲ್ಲು ಹೊದಿಸುವುದನ್ನು ಕೂತು ತೋರಿಸಿದೆ. ಆ ಸಲ ಆ ಹಿರಿಯಳ ಪಾತಿಯಲ್ಲಿ ನನ್ನದಕ್ಕಿಂತ ಹೆಚ್ಚು ಹಣ್ಣು ಬಿಟ್ಟಿತು. ಅವಳು ಕಳಿಸಿದ ಒಂದು ಮೊರ ಹಣ್ಣಿನಲ್ಲಿ ಅರ್ಧ ತಿಂದವನು ಮತ್ತೆ ಆತನೇ. ತಿಂದು, ಹುಳಿ ಸ್ವಲ್ಪ ಜಾಸ್ತಿಯಾಯಿತು ಎಂದ.