ಎದೆಯೊಳಗೆ ನೂಲೆಳೆಯಷ್ಟು ದಾರಿ

ಮೊದಲು ಸಿಕ್ಕಿಕೊಂಡಿದ್ದು ಜೋಳದ ರೊಟ್ಟಿಯ ಒಂದು ತುತ್ತು. ಎದೆಯ ನಡುವೆ ನಿಂತುಬಿಟ್ಟಿತು. ನೀರು ಕುಡಿದೆ. ನೀರೂ ಅದರ ಮೇಲೆಯೇ ನಿಂತಿತು. ಹಿತ್ತಲಿಗೆ ಓಡಿ ಎಲ್ಲ ಕಕ್ಕಿದೆ.

ಅದಕ್ಕೆ ತಿಂಗಳ ಹಿಂದೆ ನಾನು ಕಾಸ್ಟಿಕ್ ಸೋಡಾದ ನೀರು ಕುಡಿದಿದ್ದೆ. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಅಂದು ಸೀರೆ ನೇಯುವ ಹಾಸು, ಅಂದರೆ ಉದ್ದೆಳೆಗಳನ್ನು, ಬಿಚ್ಚಿ ಹರಡಿ ಗಂಜಿ ಹಚ್ಚುತ್ತಿದ್ದೆವು. ಬಾಯಾರಿದರೆ ಗೋಡೆಯ ಪಕ್ಕದ ಗಡಿಗೆಯಿಂದ ಗಂಜಿಯ ತಿಳಿ ಕುಡಿಯುವುದು ನಮ್ಮ ಮನೆಯ ರೂಢಿ. ಮುಚ್ಚಳ ತೆಗೆದು ಎರಡು ಗುಟುಕು ಕುಡಿದೆ. ಅದು ನೂಲಿಗೆ ಬಣ್ಣ ಹಾಕಲು ಕಲಸಿಟ್ಟ ಕಾಸ್ಟಿಕ್. ಬಾಯಿಯಿಂದ ಹೊಟ್ಟೆಯವರೆಗೆ ಬೆಂಕಿ. ಹದಿನೈದು ದಿನ ಹಾಲಿನ ಮೇಲೆ ಬದುಕಿದೆ. ಬಾಯಿಯ ಹುಣ್ಣು ಮಾಯ್ದವು, ಗೆದ್ದೆ ಅಂದುಕೊಂಡೆ.

ರೊಟ್ಟಿಯ ಹಿಂದೆಯೇ ಅನ್ನವೂ ಇಳಿಯದಾಯಿತು. ಆಮೇಲೆ ನುಚ್ಚು. ಕೊನೆಗೆ ಹಾಲೂ ಚಮಚದ ಲೆಕ್ಕಕ್ಕೆ ಬಂತು. ಕೈಬಳೆ ಮೊಣಕೈಗೆ ಏರತೊಡಗಿದಾಗ ಗಂಡ ನನ್ನನ್ನು ರೋಣದ ಬಸ್ಸು ಹತ್ತಿಸಿದರು. ಹೊಳೆಆಲೂರಿನಿಂದ ರೈಲಿನಲ್ಲಿ ಹುಬ್ಬಳ್ಳಿಯ ದವಾಖಾನೆ.

ಬೇರಿಯಂ ಎಂಬ ಸುಣ್ಣದಂಥ ಬಿಳಿ ನೀರು ಕುಡಿಸಿ ಎಕ್ಸ್‌ರೇ ತೆಗೆದರು. ಮೇಲೆ ಹೆಬ್ಬೆರಳಿನಷ್ಟು ದಪ್ಪ ಬಿಳಿ ಗೆರೆ. ನಡುವೆ ಬರೀ ನೂಲೆಳೆ.

"ಇದಕ್ಕ ಸ್ಟ್ರಿಕ್ಚರ್ ಅಂತಾರ ತಂಗಿ. ಒಳಗಿನ ಗಾಯ ಮಾಯ್ಕೊಂತ ಹೋದಂಗ ಅನ್ನನಾಳ ಬಿಗಿಯಾಗೈತಿ. ರಕ್ತನಾಳ, ಹೃದಯದ ವಾಲ್ವ್, ಇವೂ ಹಿಂಗ ಸಣ್ಣಾಗ್ತಾವು," ಎಂದರು ಡಾಕ್ಟರು.

ಮಾಯುವುದೇ ನನ್ನನ್ನು ಬಿಗಿಯುತ್ತಿದೆ ಎಂದರೆ ಯಾರ ಮೇಲೆ ಸಿಟ್ಟಾಗಲಿ? ಮಗ್ಗದ ಮೇಲೆ ಬಟ್ಟೆಯ ಅಗಲ ಕುಗ್ಗಿದರೆ ಎಳೆದು ಕಟ್ಟುತ್ತೇವೆ. "ಹಿಗ್ಗಿಸಾಕ ಬರ್ತೈತೇನ್ರಿ?" ಎಂದೆ.

"ಬರ್ತೈತಿ. ದಿನಾ ರಬ್ಬರ್ ಟ್ಯೂಬ್ ನುಂಗಿ ಹೊರಗ ತೆಗೀಬೇಕು. ಬಿಟ್ಟರ ಮತ್ತ ಮುಚ್ಚತೈತಿ." ಆಮೇಲೆ ಗಂಡನನ್ನು ಹೊರಗೆ ಕಳಿಸಿ ದನಿ ತಗ್ಗಿಸಿದರು. "ಖರೇ ಹೇಳು. ಬೇಕಂತ ಕುಡಿದಿಯೇನು?"

ಊರವರೂ ಹೀಗೆಯೇ ಅಂದುಕೊಂಡಿದ್ದಾರೆ ಎಂದು ಆಗ ಹೊಳೆಯಿತು.

ಅತ್ತೆ ನನ್ನನ್ನು ಬಾವಿಗೆ ಒಬ್ಬಳನ್ನೇ ಬಿಡದೆ ಹಿಂದೆ ಬರುತ್ತಿದ್ದದ್ದು ಪ್ರೀತಿಗೆಂದು ತಿಳಿದಿದ್ದೆ. ನಾನು ಹೋದೊಡನೆ ಓಣಿಯ ಹೆಂಗಸರ ಮಾತು ನಿಲ್ಲುತ್ತಿದ್ದದ್ದು ಈಗ ಅರ್ಥವಾಯಿತು. "ಇಲ್ರಿ, ಗಂಜಿ ಅನ್ಕೊಂಡೆ," ಎಂದೆ. ಡಾಕ್ಟರು ನಂಬದವರಂತೆ ತಲೆ ಆಡಿಸಿದರು. ಬೇಕಂತ ಕುಡಿದವಳೂ ಹೀಗೆಯೇ ಹೇಳುತ್ತಾಳಲ್ಲವೇ? ಎಷ್ಟು ಸಲ ಇಲ್ಲ ಎಂದರೂ ಹೊರಬರುವ ದಾರಿಯಿರಲಿಲ್ಲ.

ಟ್ಯೂಬು ನುಂಗುವುದೆಂದರೆ ದಿನವೂ ಒಂದು ಸಾವು. ಬಿಗಿದ ಜಾಗಕ್ಕೆ ಬಂದು ನಿಲ್ಲುತ್ತದೆ. ಉಸಿರು ಕಟ್ಟುತ್ತದೆ, ಕಣ್ಣೀರು ಸುರಿಯುತ್ತದೆ. ನಾಲ್ಕನೆಯ ದಿನ ವಾರ್ಡಿನಲ್ಲಿ ಹೀಗೆ ಒದ್ದಾಡುತ್ತಿದ್ದಾಗ ಗಂಡ ನೆಲ ನೋಡುತ್ತ ಹೇಳಿದರು.

"ಬಣ್ಣದ ಗಡಿಗಿ ಒಡೆದಿತ್ತು. ಗಂಜಿ ಗಡಿಗ್ಯಾಗ ಕಾಸ್ಟಿಕ್ ನಾನ ಹಾಕಿಟ್ಟಿದ್ದೆ."

ಟ್ಯೂಬನ್ನು ಎಳೆದು ಹೊರಗೆ ಹಾಕಿದೆ.

"ನಾ ಸಾಯಾಕ ಹೋಗಿದ್ದೆ ಅಂತ ಊರೆಲ್ಲಾ ಅಂತಿತ್ತು. ನೀವು ಕೇಳ್ಕೊಂತ ಸುಮ್ಮನ ಕುಂತ್ರಿ?"

"ಅಂಜಿದ್ನಿ," ಎಂದರು. "ಅವ್ವಗ ಹೇಳ್ತೀನಿ."

"ಅತ್ತಿಗೆ ಅಷ್ಟ ಅಲ್ರಿ. ಓಣ್ಯಾಗ ಹೇಳ್ರಿ."

ಹೇಳಿದರು. ಊರಿಗೆ ಮರಳಿದ ವಾರಕ್ಕೆ, ಗಂಜಿ ಹಚ್ಚಲು ಹಾಸಿನ ಎರಡೂ ಬದಿ ಓಣಿಯ ಜನ ನಿಂತಿದ್ದಾಗ, ಎಲ್ಲರಿಗೂ ಕೇಳುವಂತೆ. ಅತ್ತೆ ನನ್ನ ಬಳಿ ಬಂದು, "ನಾನೂ ಹಂಗ ಅನ್ಕೊಂಡಿದ್ನೆವ್ವಾ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೂ ಅಳು ಬಂತು. ಎಷ್ಟೋ ದಿನಗಳ ಮೇಲೆ ನಿರಾಳವಾಗಿ ಅತ್ತುಬಿಟ್ಟೆ.

ಈಗ ತೆಳ್ಳಗಿನ ನುಚ್ಚು ಇಳಿಯುತ್ತದೆ. ಅಷ್ಟಕ್ಕೆ ದೇವರಿಗೂ ಡಾಕ್ಟರಿಗೂ ಕೈಮುಗಿಯುತ್ತೇನೆ. ಬೆಳಿಗ್ಗೆ ಟ್ಯೂಬು ನುಂಗುವಾಗ ಗಂಡ ಎದುರಿಗೆ ಬಂದು ಕೂರುತ್ತಾರೆ. ಕೆಲವು ದಿನ 'ಎದ್ದು ಹೋಗ್ರಿ' ಎನ್ನಬೇಕೆನಿಸುತ್ತದೆ. ಬಾಯಲ್ಲಿ ಟ್ಯೂಬು ಇರುವಾಗ ಹೇಳಲಾಗುವುದಿಲ್ಲ. ತೆಗೆದ ಮೇಲೂ ಇದುವರೆಗೆ ಹೇಳಿಲ್ಲ.