ಆಗಲ, ಆಗಲ್ಲ

ಚೆನ್ನೈ ಪೋರೂರಿನ ನಮ್ಮ ಆಫೀಸಿನಲ್ಲಿ ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ನೋಡದೆ ಒಳಗೆ ಸೇರಿಸುವ ಹಾಗಿಲ್ಲ. ಇದಕ್ಕೆ ರಿವ್ಯೂ ಎನ್ನುತ್ತಾರೆ. ಆ ಕೆಲಸ ನನ್ನದಾಗಿತ್ತು. ನನಗೆ ಬೇರೇನೂ ಅಷ್ಟು ಚೆನ್ನಾಗಿ ಬರುವುದಿಲ್ಲ. ಇನ್ನೊಬ್ಬರ ತಪ್ಪು ಹುಡುಕುವುದೆಂದರೆ ಮಾತ್ರ ಪಂಚಪ್ರಾಣ.

ಹಾಸನದ ಕಡೆಯ ಹುಡುಗಿಯೊಬ್ಬಳು ಹೊಸದಾಗಿ ತಂಡಕ್ಕೆ ಸೇರಿದಳು. ಕನ್ನಡದವಳು ಸಿಕ್ಕಳೆಂದು ನನಗೆ ಖುಷಿ. ನಮ್ಮದು ಅಜ್ಜನ ಕಾಲಕ್ಕೇ ಮೈಲಾಪೂರಿಗೆ ಬಂದು ನೆಲೆಸಿದ ಮನೆ. ನಾವು ಆಡುವ ಕನ್ನಡದಲ್ಲಿ ಅರ್ಧ ತಮಿಳೇ ಇದೆ ಎಂಬುದು ನಮಗೆ ಗೊತ್ತಾಗುವುದಿಲ್ಲ.

ಅವಳು ದಿನವೂ ನನ್ನ ಮೇಜಿನ ಹತ್ತಿರ ಬಂದು ಕೇಳುತ್ತಿದ್ದಳು: “ಸರ್, ನನ್ನ ರಿವ್ಯೂ?”

“ಆಗಲಮ್ಮ,” ಎನ್ನುತ್ತಿದ್ದೆ, ತಲೆ ಎತ್ತದೆ. ಕೈತುಂಬಾ ಕೆಲಸವಿತ್ತು. ಕೆಲವು ದಿನಗಳ ಮೇಲೆ ಅವಳು ಬರುವುದನ್ನೇ ಬಿಟ್ಟಳು.

ತಿಂಗಳ ಕೊನೆಯ ಮೀಟಿಂಗ್‌ನಲ್ಲಿ ಯಾರ ಹೆಸರನ್ನೂ ಎತ್ತಬಾರದು, ಆದ ತೊಂದರೆಯನ್ನಷ್ಟೇ ಹೇಳಬೇಕು. ಈ ನಿಯಮ ತಂದವನು ನಾನೇ. ಹಿರಿಯರೊಬ್ಬರು ಹೊಸಬರ ಕೋಡ್ ನೋಡುವುದಿಲ್ಲವೆಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾರೆ ಎಂದು ಅವಳು ಇಂಗ್ಲಿಷಿನಲ್ಲಿ ದೂರಿದಳು. ನನಗೆ ಮೈಯೆಲ್ಲ ಉರಿಯಿತು. ಅದು ಯಾರೇ ಆಗಿರಲಿ, ಅಂಥವರ ಕೈಯಿಂದ ರಿವ್ಯೂ ಕಿತ್ತುಕೊಳ್ಳಬೇಕು ಎಂದೆ. ಎಲ್ಲರೂ ಮೇಜು ನೋಡಿದರು.

ಸೋಮವಾರ ಮ್ಯಾನೇಜರ್ ಕರೆದು, ರಿವ್ಯೂ ಕೆಲಸವನ್ನು ನನ್ನಿಂದ ತೆಗೆದಿರುವುದಾಗಿ ಹೇಳಿದರು. ಯಾಕೆ ಎಂದೆ. ನೀವೇ ಹೇಳಿದ್ದಲ್ಲವೇ ಎಂದರು. ಆ ಹಿರಿಯ ನಾನೇ ಎಂದು ಆಗ ತಿಳಿಯಿತು, ಹೇಗೆಂದು ತಿಳಿಯಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ. ಅವತ್ತು ಅದೂ ಬರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಇರುವ ಹಾಗೆ ಇದ್ದೆ. ಬಸ್ಸು ಹತ್ತಿ ಮನೆಗೆ ಹೋದೆ, ಮರುದಿನ ಬಂದೆ.

ಒಂದು ಮಧ್ಯಾಹ್ನ ಕ್ಯಾಂಟೀನಿನ ಬಾಗಿಲಲ್ಲಿ ಅವಳು ಎದುರಾದಳು. ಮರ್ಯಾದೆಗೆಂದು ಕೇಳಿದಳು: “ಊಟ ಆಯ್ತಾ ಸರ್?”

“ಆಗಲಮ್ಮ.”

“ಯಾಕ್ ಸರ್ ಆಗಲ್ಲ? ಹುಷಾರಿಲ್ವಾ?”

ಆಗ ನನಗೆ ಎಲ್ಲ ಅರ್ಥವಾಯಿತು.

“ಆಗಲ್ಲ ಅಂತ ಅಲ್ಲಮ್ಮ. ಇನ್ನೂ ಆಗಿಲ್ಲ ಅಂತ. ನಮ್ಮನೇಲಿ ‘ಆಗಲ’ ಅಂತಾನೇ ಅನ್ನೋದು, ತಮಿಳ್ ಮಾದಿರಿ.”

ಅವಳು ಊಟದ ಡಬ್ಬಿ ಹಿಡಿದುಕೊಂಡು ಹಾಗೇ ನಿಂತಳು. “ಅಯ್ಯೋ, ರಿವ್ಯೂಗೂ ಹಂಗೇ ಅಂದಿದ್ರಾ ಸರ್? ನೀವು ಮಾಡಲ್ಲ ಅಂತಿದೀರ ಅನ್ಕೊಂಡೆ.”

ಅವಳೇ ಹೋಗಿ ಮ್ಯಾನೇಜರಿಗೆ ಎಲ್ಲ ಹೇಳಿದಳು. ಅವರು ಜೋರಾಗಿ ನಕ್ಕು, ರಿವ್ಯೂ ಮತ್ತೆ ನೀವೇ ಇಟ್ಟುಕೊಳ್ಳಿ ಎಂದರು. ಸಂತೋಷವಾಗಬಹುದೇನೋ ಎಂದು ಕಾದೆ. ಆಗಲಿಲ್ಲ. ಬೇಡ ಎಂದೆ.

ತಂಡದ ಉಳಿದವರು ವರ್ಷಗಟ್ಟಲೆ ನನ್ನ ಪಕ್ಕದಲ್ಲೇ ಕೂತವರು. ಆ ಹಿರಿಯ ಯಾರೆಂದು ಅವತ್ತು ಮೀಟಿಂಗ್‌ನಲ್ಲಿ ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಅವಳು ತಪ್ಪಾಗಿ ಕೇಳಿಸಿಕೊಂಡಿದ್ದಳು. ಅವರು ಹೌದಾ ಎಂದು ನನ್ನನ್ನು ಕೇಳಲೇ ಇಲ್ಲ.