ಉತ್ತರ ಗೋಪುರದ ಸಿಪ್ಪೆ ಕಲ್ಲು

ನಮ್ಮ ಊರಿನ ಕೆಥೆಡ್ರಲ್ ಚರ್ಚಿನ ಕೆಳಗಿನ ದುಂಡು ಕಮಾನುಗಳಿಗೆ ಒಂಬೈನೂರು ವರ್ಷ. ಮೇಲಿನ ಚೂಪು ಕಮಾನುಗಳನ್ನು ಹಂಫ್ರಿ ಗಾರ್ಸೈಡ್ "ಮೊನ್ನೆ ಮೊನ್ನೆಯವು" ಎನ್ನುತ್ತಿದ್ದ. ಅವಕ್ಕೂ ಏಳುನೂರು ದಾಟಿದೆ. ಅವನು ನಲವತ್ತು ವರ್ಷ ಅಲ್ಲಿ ಕಲ್ಲು ಕೆತ್ತಿದವನು, ನನಗೆ ಉಳಿ ಹಿಡಿಯಲು ಕಲಿಸಿದವನು. ಬಾಯಿ ಹರಿತ, ಕೈ ಅದಕ್ಕಿಂತ ಹರಿತ. ಅವನ ಕೈಕೆಳಗೆ ಕಲಿತೆನೆಂಬ ಹೆಮ್ಮೆ ನನಗೆ ಇಂದಿಗೂ ಇದೆ.

ಮೊದಲ ದಿನವೇ ಹೇಳಿದ್ದ: "ಗಣೀಲಿ ಕಲ್ಲು ಹೆಂಗೆ ಮಲಗಿತ್ತೋ ಗೋಡೇಲೂ ಹಂಗೇ ಮಲಗಿಸ್ಬೇಕು ಕಣೇ. ಪದರ ಎಬ್ಬಿಸಿ ನಿಲ್ಲಿಸಿದ್ರೆ ಈರುಳ್ಳಿ ಥರ ಸಿಪ್ಪೆ ಬಿಡುತ್ತೆ, ನಮ್ಮ ಕ್ಲೆಮ್ ಕಲ್ಲಿನ ಹಾಗೆ."

ಕ್ಲೆಮ್ ಪಾರ್ಟ್ರಿಜ್ ಅವನ ಹಳೆಯ ಜೊತೆಗಾರ. ಉತ್ತರ ಗೋಪುರದ ಒಂದು ಸಾಲು ಕಲ್ಲನ್ನು ಇಬ್ಬರೂ ಸೇರಿ ಕೆತ್ತಿದ್ದರು. ಎಷ್ಟೋ ವರ್ಷಗಳ ನಂತರ ಅದರಲ್ಲೊಂದು ಕಲ್ಲು ಸಿಪ್ಪೆ ಬಿಟ್ಟು ಚೂರು ಕೆಳಗೆ ಬಿತ್ತು. ಕೆತ್ತಿದವನ ಗುರುತು ಕಲ್ಲಿನ ಅಡಿಯಲ್ಲಿ, ಗಾರೆಯೊಳಗೆ ಇರುತ್ತದೆ, ನೋಡುವವರು ಯಾರು? ಕ್ಲೆಮ್ ಅವಸರದವನು, ಆದ್ದರಿಂದ ಅವನದೇ ಎಂದರು ಎಲ್ಲರೂ. ಹಂಫ್ರಿಯೂ ಹಾಗೇ ಎಂದ. ತನ್ನದೇ ಇರಬೇಕೆಂದುಕೊಂಡು ಕ್ಲೆಮ್ ಉಳಿ ಕೆಳಗಿಟ್ಟು ಹೋದವನು ಮತ್ತೆ ಬರಲಿಲ್ಲ.

ಹನ್ನೆರಡು ವರ್ಷದ ಮೇಲೆ ರಿಪೇರಿಯ ಸರದಿ ಆ ಗೋಪುರಕ್ಕೆ ಬಂತು. ಹಂಫ್ರಿಯೂ ನಾನೂ ಆ ಕಲ್ಲನ್ನು ಕಿತ್ತು ತಿರುಗಿಸಿದೆವು. ಅಡಿಯಲ್ಲಿ ಒಂದು ಬಾಣ, ಅದಕ್ಕೆ ಎರಡು ಗೀರು. ಹಂಫ್ರಿಯದೇ ಗುರುತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದರು.

ಅವನ ಕೈಯಲ್ಲಿ ಸುತ್ತಿಗೆ ಇತ್ತು. ಹೊಡೆದಿದ್ದರೆ ಒಂದೇ ಏಟಿಗೆ ಗುರುತು ಪುಡಿಯಾಗುತ್ತಿತ್ತು. ನಾನು ಬೇಕೆಂದೇ ಬೇರೆ ಕಡೆ ನೋಡಿದೆ. ಅದನ್ನು ಹೇಳಲು ಈಗಲೂ ನಾಚಿಕೆ.

"ಆ ಕಡೆ ಏನು ನೋಡ್ತೀಯ? ಬಾ, ಇದನ್ನ ಇಳಿಸೋಕೆ ಕೈ ಹಾಕು" ಎಂದ.

ತಳ್ಳುಗಾಡಿಯಲ್ಲಿಟ್ಟು, ಗುರುತನ್ನು ಮೇಲೆ ಮಾಡಿ, ಹಾಡಹಗಲೇ ಊರ ನಡುವೆ ಕ್ಲೆಮ್ ಮನೆಯವರೆಗೆ ತಳ್ಳಿಕೊಂಡು ಹೋದ, ನಾನು ಹಿಂದೆ. ಕ್ಲೆಮ್ ಬಾಗಿಲು ತೆರೆದ.

"ನಂದು ಕಣೋ. ನಾನೇ ಕೆತ್ತಿದ್ದು" ಎಂದ ಹಂಫ್ರಿ.

ಕ್ಲೆಮ್ ಗೀರುಗಳ ಮೇಲೆ ಬೆರಳಾಡಿಸಿದ. "ಹನ್ನೆರಡು ವರ್ಷ ಆ ಬೀದಿಗೇ ಬಂದಿಲ್ಲ ಕಣೋ ನಾನು. ತಲೆ ಎತ್ತಿದ್ರೆ ಗೋಪುರ ಕಾಣುತ್ತಲ್ಲ."

"ಹೊಸ ಕಲ್ಲು ನೀನೇ ಕೆತ್ತಬೇಕು."

"ಕೈ ನಡುಗುತ್ತೆ."

"ನಡುಗ್ಲಿ ಬಿಡು. ಅವಸರವಾದ್ರೂ ಕಮ್ಮಿಯಾಗುತ್ತೆ."

ಮೂರು ವಾರ ಹಿಡಿಯಿತು. ಕೊನೆಗೆ ಅಡಿಯಲ್ಲಿ ಕ್ಲೆಮ್ ತನ್ನ ಗುರುತು ಕೊರೆಯುತ್ತಿದ್ದಾಗ, ಹಂಫ್ರಿ ಕಲ್ಲಿನ ಪದರ ನೋಡಲು ಬಗ್ಗಿದ. ಕ್ಲೆಮ್ ಮೊಣಕೈಯಿಂದ ಅವನನ್ನು ಆಚೆ ತಳ್ಳಿದ.

"ಹೆಂಗೆ ಮಲಗಿಸ್ಬೇಕು ಅಂತ ನನಗೆ ಗೊತ್ತು. ನೀನು ಹೋಗಿ ಚಹಾ ಕಾಸು."

ನಲವತ್ತು ವರ್ಷ ಯಾರ ಮಾತೂ ಕೇಳದವನು ಹೋಗಿ ಕಾಸಿ ತಂದ.